‘ಕೊಲೆಸ್ಟ್ರಾಲ್ ಫ್ರೀ’ ಪ್ಯಾಕೆಟ್‌ಗಳನ್ನೇ ತರುತ್ತಿದ್ದೇವೆ, ಆದರೂ ಎಲ್‌ಡಿಎಲ್ ಯಾಕೆ ಇಳಿದಿಲ್ಲ?

ಪ್ರಶ್ನೆ: ನಮ್ಮ ಮನೆಯವರಿಗೆ 54 ವರ್ಷ. ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 158, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 196 ಬಂತು. ಶುಗರ್, ಬಿಪಿ ಇಲ್ಲ. ‘ಮೂರು ತಿಂಗಳು ಊಟ ತಿಂಡಿ ಸರಿ ಮಾಡಿಕೊಳ್ಳಿ, ವಾಕಿಂಗ್ ಮಾಡಿ, ಆಮೇಲೆ ಮಾತ್ರೆ ವಿಷಯ ನೋಡೋಣ’ ಅಂದರು ಡಾಕ್ಟರ್. ಅವತ್ತಿನಿಂದ ಮೊಟ್ಟೆ ನಿಲ್ಲಿಸಿದ್ದೇನೆ. ಎಣ್ಣೆ, ಬಿಸ್ಕೆಟ್ ಎಲ್ಲ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆದಿರುವುದನ್ನೇ ಹುಡುಕಿ ತರುತ್ತೇನೆ. ಬೆಳಿಗ್ಗೆ ಕಾಫಿ ಜತೆ ಮೂರು, ಸಂಜೆ ಮೂರು ಓಟ್ಸ್ ಬಿಸ್ಕೆಟ್ ತಿನ್ನುತ್ತಾರೆ. ಹಾಲು ಫುಲ್ ಕ್ರೀಮ್. ಊಟಕ್ಕೆ ಮನೆಯ ತುಪ್ಪ ಎರಡು ಚಮಚ. ಈಗ ಮತ್ತೆ ಟೆಸ್ಟ್ ಮಾಡಿಸಿದರೆ ಎಲ್‌ಡಿಎಲ್ 155! ಬಿಸ್ಕೆಟ್ ಪ್ಯಾಕೆಟ್‌ನ ಹಿಂಬದಿಯ ಫೋಟೋ ಕಳಿಸಿದ್ದೇನೆ. ಅದನ್ನು ಹೇಗೆ ಓದಬೇಕು? ಅಮೆರಿಕದಿಂದ ಬಂದ ಮಗಳು ಓಟ್ಸ್ ತಂದಿದ್ದಾಳೆ, ಅದು ಒಳ್ಳೆಯದಾ?

– ಓದುಗರೊಬ್ಬರು, ಹಾಸನ

ಉತ್ತರ: ಮೂರು ತಿಂಗಳು ಇಷ್ಟು ಶ್ರದ್ಧೆಯಿಂದ ಮಾಡಿದ್ದೀರಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಪ್ರಯತ್ನದಲ್ಲಿ ಕೊರತೆ ಇಲ್ಲ. ಪ್ಯಾಕೆಟ್ ಯಾವ ಸಾಲನ್ನು ಓದಿ ಅಂತ ನಿಮ್ಮನ್ನು ಕರೆಯುತ್ತದೋ ಆ ಸಾಲು ನಿಮ್ಮ ಕೆಲಸಕ್ಕೆ ಬಾರದ್ದು. ನೋಡಬೇಕಾದ ಸಾಲು ಬೇರೆಯೇ ಇದೆ.

ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ ಮಾತ್ರ. ಹಾಲು, ತುಪ್ಪ, ಬೆಣ್ಣೆ, ಮೊಟ್ಟೆ, ಮಾಂಸ, ಮೀನು. ಗಿಡದಿಂದ ಬಂದ ಯಾವುದರಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲೂ ಇಲ್ಲ, ಕಡಲೆಕಾಯಿ ಎಣ್ಣೆಯಲ್ಲೂ ಇಲ್ಲ, ಕೊಬ್ಬರಿ ಎಣ್ಣೆಯಲ್ಲೂ ಇಲ್ಲ. ವನಸ್ಪತಿಯಲ್ಲೂ ಇಲ್ಲ, ಅಂದರೆ ನಾವು ಡಾಲ್ಡಾ ಅನ್ನುತ್ತೇವಲ್ಲ, ಅದರಲ್ಲೂ ಇಲ್ಲ! ಪಾಮ್ ಎಣ್ಣೆಯಲ್ಲಿ ಕರಿದ ಚಿಪ್ಸ್‌ನಲ್ಲೂ ಕೊಲೆಸ್ಟ್ರಾಲ್ ಸೊನ್ನೆ. ಹಾಗಾಗಿ ಅಡುಗೆ ಎಣ್ಣೆ ಕೊಳ್ಳುವಾಗ ಆ ಎರಡು ಪದಗಳಿಂದ ನಿಮಗೆ ಹೊಸದೇನೂ ತಿಳಿಯುವುದಿಲ್ಲ.

ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಲಿವರ್ ಕೆಲಸ ದೊಡ್ಡದು. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುವುದೂ ಲಿವರ್‌ನದೇ ಕೆಲಸ. ಸ್ಯಾಚುರೇಟೆಡ್ ಕೊಬ್ಬು, ಅಂದರೆ ತುಪ್ಪ, ಡಾಲ್ಡಾಗಳಲ್ಲಿ ಹೆಚ್ಚಾಗಿರುವ, ಗಟ್ಟಿಯಾಗುವ ಬಗೆಯ ಕೊಬ್ಬು ಜಾಸ್ತಿ ತಿಂದರೆ ಈ ಎಳೆದುಕೊಳ್ಳುವ ಕೆಲಸ ಮಂದವಾಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿದುಬಿಡುತ್ತದೆ. ಮೊಟ್ಟೆಯಲ್ಲಿರುವ ಕೊಲೆಸ್ಟ್ರಾಲ್‌ಗಿಂತ ಬಿಸ್ಕೆಟ್‌ನಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿನವರ ಎಲ್‌ಡಿಎಲ್ ಅನ್ನು ಜಾಸ್ತಿ ಏರಿಸುತ್ತದೆ ಅನ್ನುವುದು ಇದೇ ಕಾರಣಕ್ಕೆ. ನೀವು ಮೊಟ್ಟೆ ನಿಲ್ಲಿಸಿ ಬಿಸ್ಕೆಟ್ ಉಳಿಸಿಕೊಂಡಿದ್ದೀರಿ.

ಈಗ ನಿಮ್ಮ ಫೋಟೋಗೆ ಬರೋಣ. ಮುಂಬದಿಯಲ್ಲಿ ಗೋಧಿ ತೆನೆ, ಓಟ್ಸ್ ಚಿತ್ರ ಇರಬಹುದು. ಅದನ್ನು ಮರೆತುಬಿಡಿ. ಹಿಂಬದಿಯ ಪಟ್ಟಿಯಲ್ಲಿ 100 ಗ್ರಾಂಗೆ ಎಂಬ ಕಾಲಂ ಇದೆ. ಅದರಲ್ಲಿ ಒಟ್ಟು ಕೊಬ್ಬು 21 ಗ್ರಾಂ, ಸ್ಯಾಚುರೇಟೆಡ್ ಫ್ಯಾಟ್ 10 ಗ್ರಾಂ, ಟ್ರಾನ್ಸ್ ಫ್ಯಾಟ್ (ಎಣ್ಣೆಯನ್ನು ಡಾಲ್ಡಾದಂತೆ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು) 0, ಕೊಲೆಸ್ಟ್ರಾಲ್ 0 ಅಂತಿದೆ. ಪಕ್ಕದಲ್ಲಿ ಒಂದು ಸರ್ವಿಂಗ್ ಅಂದರೆ 25 ಗ್ರಾಂ, ಎರಡು ಬಿಸ್ಕೆಟ್, ಅದು ದಿನದ ಸ್ಯಾಚುರೇಟೆಡ್ ಕೊಬ್ಬಿನ 11% ಅಂತ ಬರೆದಿದ್ದಾರೆ. 11 ಅಂದರೆ ಚಿಕ್ಕದಾಗಿ ಕಾಣುತ್ತದೆ. ಆದರೆ ನಿಮ್ಮ ಯಜಮಾನರು ತಿನ್ನುವುದು ಎರಡಲ್ಲ, ಆರು. ಆರು ಬಿಸ್ಕೆಟ್ ಅಂದರೆ 75 ಗ್ರಾಂ, ಅದರಲ್ಲಿ ಏಳೂವರೆ ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ಸರ್ವಿಂಗ್ ಎಷ್ಟು ಅಂತ ತೀರ್ಮಾನಿಸುವುದು ಕಂಪನಿ. ತಟ್ಟೆಗೆ ಎಷ್ಟು ಬೀಳುತ್ತದೆ ಅಂತ ಗೊತ್ತಿರುವುದು ನಿಮಗೆ. ಹಾಗಾಗಿ ಯಾವಾಗಲೂ 100 ಗ್ರಾಂನ ಕಾಲಂ ನೋಡಿ, ಮನೆಯಲ್ಲಿ ನಿಜವಾಗಿ ತಿನ್ನುವ ಅಳತೆಗೆ ನೀವೇ ಲೆಕ್ಕ ಹಾಕಿ.

ಆ ಶೇಕಡಾವಾರು ಲೆಕ್ಕದ ಒಳಗೂ ಒಂದು ವಿಷಯ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳಲ್ಲಿ ದಿನಕ್ಕೆ 2000 ಕಿಲೋ ಕ್ಯಾಲೊರಿ ಊಟ ಮಾಡುವ ಸಾಮಾನ್ಯ ವಯಸ್ಕರಿಗೆ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಎಂದು ಹಿಡಿಯಲಾಗಿದೆ. ಪ್ರೋಟೀನ್ ಥರ ಇಷ್ಟು ಸಿಗಲೇಬೇಕು ಅನ್ನುವ ಅಂಕಿ ಅಲ್ಲ ಇದು. ದಾಟಬಾರದ ಗೆರೆ. ಅದೂ ಆರೋಗ್ಯವಾಗಿರುವವರಿಗೆ. ಎಲ್‌ಡಿಎಲ್ ಇಳಿಸಬೇಕಾದವರು ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲನ್ನು 6%ಗಿಂತ ಕೆಳಗೆ ಇಟ್ಟುಕೊಳ್ಳಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುತ್ತದೆ. 2000 ಕ್ಯಾಲೊರಿಗೆ ಅದು ಸುಮಾರು 13 ಗ್ರಾಂ. ನಾನು ನಿಮ್ಮ ಮನೆಯವರಿಗೆ ಹಿಡಿಯುವುದು ಈ 13 ಅನ್ನೇ. ಅಷ್ಟಕ್ಕೆ ಹೋಲಿಸಿದರೆ ಆರು ಬಿಸ್ಕೆಟ್ ಅರ್ಧಕ್ಕಿಂತ ಜಾಸ್ತಿ ನುಂಗಿಬಿಡುತ್ತವೆ. (ಹೆಂಗಸರಿಗೆ ಈ ಗೆರೆ ಇನ್ನೂ ಕೆಳಗಿರುತ್ತದೆ. ಕೂತು ಕೆಲಸ ಮಾಡುವ ಮಹಿಳೆಗೆ ದಿನಕ್ಕೆ 1660 ಕ್ಯಾಲೊರಿ ಸಾಕು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ. ಪ್ಯಾಕೆಟ್ ಮಾತ್ರ ಎಲ್ಲರಿಗೂ 2000 ಅಂತಲೇ ಲೆಕ್ಕ ಹಾಕುತ್ತದೆ. ನೀವೂ ಒಮ್ಮೆ ನಿಮ್ಮ ಟೆಸ್ಟ್ ಮಾಡಿಸಿಕೊಳ್ಳಿ.)

ಅಂಗಡಿಯಲ್ಲಿ ನಿಂತು ಇಷ್ಟೆಲ್ಲ ಲೆಕ್ಕ ಹಾಕಲು ಯಾರಿಗೂ ಆಗುವುದಿಲ್ಲ ಅಲ್ವಾ? ಅದಕ್ಕೆ ಎರಡು ಅಂಕಿ ನೆನಪಿಟ್ಟುಕೊಳ್ಳಿ. 100 ಗ್ರಾಂಗೆ ಸ್ಯಾಚುರೇಟೆಡ್ ಫ್ಯಾಟ್ ಒಂದೂವರೆ ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ. 5 ಗ್ರಾಂ ದಾಟಿದರೆ ಜಾಸ್ತಿ. ಬ್ರಿಟನ್ನಿನಲ್ಲಿ ಪ್ಯಾಕೆಟ್ ಮೇಲೆ ಹಸಿರು, ಹಳದಿ, ಕೆಂಪು ಬಣ್ಣ ಹಾಕಲು ಬಳಸುವ ಮಟ್ಟಗಳು ಇವು. ನಮಗೂ ಚೆನ್ನಾಗಿ ಹೊಂದುತ್ತವೆ. ಕುಡಿಯುವ ಪದಾರ್ಥಕ್ಕೆ ಈ ಎರಡನ್ನೂ ಅರ್ಧ ಮಾಡಿ. ದಿನಾ ತಿನ್ನುವ ಪದಾರ್ಥದಲ್ಲಿ 5 ದಾಟಿದರೆ ವಾಪಸ್ ಇಟ್ಟುಬಿಡಿ. ಅಪರೂಪಕ್ಕೆ ತಿನ್ನುವುದಾದರೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ.

ಒಟ್ಟು ಕೊಬ್ಬಿನ ಸಾಲು ನೋಡಿ ಹೆದರಬೇಕಿಲ್ಲ ಅನ್ನುವುದನ್ನೂ ಇಲ್ಲೇ ಹೇಳುತ್ತೇನೆ. ಕಡಲೆಕಾಯಿ ಬೀಜದ ಪ್ಯಾಕೆಟ್ ತಿರುಗಿಸಿದರೆ 100 ಗ್ರಾಂಗೆ ಒಟ್ಟು ಕೊಬ್ಬು 50 ಗ್ರಾಂ ಹತ್ತಿರ ಇರುತ್ತದೆ. ಬಿಸ್ಕೆಟ್‌ಗಿಂತ ಎರಡು ಪಟ್ಟಿಗೂ ಜಾಸ್ತಿ. ಆದರೆ ಅದರಲ್ಲಿ ಸ್ಯಾಚುರೇಟೆಡ್ ಬರೀ 7 ಗ್ರಾಂ ಆಸುಪಾಸು. ಉಳಿದದ್ದು ಎಲ್‌ಡಿಎಲ್‌ಗೆ ತೊಂದರೆ ಕೊಡದ ಕೊಬ್ಬು. ಆ 5ರ ಗೆರೆ ದಾಟಿದರೂ ತಿನ್ನುವುದು ಒಂದು ಹಿಡಿ, 20 ಗ್ರಾಂ. ಅಂದರೆ ಒಂದೂವರೆ ಗ್ರಾಂನಷ್ಟು ಮಾತ್ರ. ಸಂಜೆ ಬಿಸ್ಕೆಟ್ ಬದಲು ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ ಕೊಡಿ ಅಂತ ನಾನು ಹೇಳುವುದು ಇದಕ್ಕೇ. ಎಣ್ಣೆಯಲ್ಲಿ ಕರಿದು ಉಪ್ಪು ಸುರಿದದ್ದು ಬೇಡ.

ಪಟ್ಟಿ ಆದಮೇಲೆ ಇಂಗ್ರೀಡಿಯೆಂಟ್ಸ್ ಓದಿ. ಯಾವುದು ಅತಿ ಹೆಚ್ಚು ತೂಕದಲ್ಲಿದೆಯೋ ಅದರ ಹೆಸರು ಮೊದಲು ಬರಬೇಕು ಅನ್ನುವುದು ನಿಯಮ. ನಿಮ್ಮ ಓಟ್ಸ್ ಬಿಸ್ಕೆಟ್‌ನಲ್ಲಿ ಮೊದಲು ಇರುವುದು ರಿಫೈನ್ಡ್ ವೀಟ್ ಫ್ಲೋರ್, ಅಂದರೆ ಮೈದಾ. ಆಮೇಲೆ ಎಡಿಬಲ್ ವೆಜಿಟೆಬಲ್ ಆಯಿಲ್, ಕಂಸದಲ್ಲಿ ಪಾಮ್. ಆಮೇಲೆ ಸಕ್ಕರೆ. ನಾಲ್ಕನೆಯದು ಓಟ್ಸ್, ಪಕ್ಕದಲ್ಲಿ 11% ಅಂತಿದೆ. ಪ್ಯಾಕೆಟ್‌ನಲ್ಲಿ ಯಾವುದನ್ನು ದೊಡ್ಡದಾಗಿ ಹೇಳಿಕೊಳ್ಳುತ್ತಾರೋ ಅದರ ಪ್ರಮಾಣ ಎಷ್ಟು ಅಂತ ಹಾಕಬೇಕು ಎಂಬ ನಿಯಮ ಇರುವುದರಿಂದಲೇ ಆ 11% ನಮಗೆ ಕಾಣುತ್ತಿದೆ. ಮಲ್ಟಿಗ್ರೇನ್, ರಾಗಿ, ಬಾದಾಮಿ ಅಂತೆಲ್ಲ ಬರೆದಿರುವ ಪ್ಯಾಕೆಟ್‌ಗಳಲ್ಲಿ ಇದನ್ನು ತಪ್ಪದೆ ಹುಡುಕಿ. ಆರು ಬಿಸ್ಕೆಟ್‌ನಲ್ಲಿ ಒಟ್ಟು 8 ಗ್ರಾಂ ಓಟ್ಸ್ ಇದೆ. ಎರಡು ಟೇಬಲ್ ಚಮಚವೂ ಸರಿಯಾಗಿ ತುಂಬುವುದಿಲ್ಲ.

ಎಣ್ಣೆಯ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಿ. ವೆಜಿಟೆಬಲ್ ಆಯಿಲ್ ಅಂದ ತಕ್ಷಣ ಒಳ್ಳೆಯದು ಅಂದುಕೊಳ್ಳುತ್ತೇವೆ. ಪಾಮ್ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಸ್ಯಾಚುರೇಟೆಡ್. ಪಾಮೋಲಿನ್‌ನಲ್ಲಿ 40%ಗೂ ಮೇಲೆ. ಪಾಮ್ ಕರ್ನಲ್ ಆಯಿಲ್ ಅಂತ ಇದ್ದರೆ ಇನ್ನೂ ಜಾಸ್ತಿ, 80% ಹತ್ತಿರ. ಐಸ್‌ಕ್ರೀಂ ಥರವೇ ಕಾಣುವ ಫ್ರೋಜನ್ ಡೆಸರ್ಟ್‌ಗಳಲ್ಲಿ, ಅಗ್ಗದ ಚಾಕೊಲೇಟ್ ಲೇಪನದಲ್ಲಿ ಇದು ಸಿಗುತ್ತದೆ. ಕೊಬ್ಬರಿ ಎಣ್ಣೆ 90% ಹತ್ತಿರ. ಸೂರ್ಯಕಾಂತಿ ಎಣ್ಣೆ 11% ಆಸುಪಾಸು, ಕಡಲೆಕಾಯಿ ಎಣ್ಣೆ 20%ರ ಒಳಗೆ. ನೀವು ತರುತ್ತಿರುವ ಸೂರ್ಯಕಾಂತಿ ಎಣ್ಣೆಯಲ್ಲಿ ತಪ್ಪಿಲ್ಲ. ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರ್ ದಾಟದಂತೆ ನೋಡಿಕೊಂಡರೆ ಸಾಕು. ಇಂಟರ್‌ಎಸ್ಟರಿಫೈಡ್ ವೆಜಿಟೆಬಲ್ ಫ್ಯಾಟ್, ಶಾರ್ಟನಿಂಗ್, ಮಾರ್ಗರಿನ್ ಈ ಹೆಸರುಗಳು ಕಂಡರೆ ಗಟ್ಟಿ ಕೊಬ್ಬು ಹಾಕಿದ್ದಾರೆ ಅಂತ ಅರ್ಥ.

ಟ್ರಾನ್ಸ್ ಫ್ಯಾಟ್ ಸೊನ್ನೆ ಅನ್ನುವುದು ನಿಜಕ್ಕೂ ಒಳ್ಳೆಯ ಸುದ್ದಿ. ಅದು ಎಲ್‌ಡಿಎಲ್ ಏರಿಸುತ್ತದೆ, ಒಳ್ಳೆಯ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಎಣ್ಣೆ, ಕೊಬ್ಬುಗಳಲ್ಲಿ ಅದರ ಮಿತಿಯನ್ನು 2021ರಲ್ಲಿ 3%ಗೆ, 2022ರ ಜನವರಿಯಿಂದ 2%ಗೆ ಇಳಿಸಿದರು. ಅದಕ್ಕಾಗಿ ಕೆಲಸ ಮಾಡಿದವರಿಗೆ ನಾವೆಲ್ಲ ಋಣಿಗಳು. ಆದರೆ ಟ್ರಾನ್ಸ್ ಫ್ಯಾಟ್ ತೆಗೆದ ಜಾಗಕ್ಕೆ ಬಹಳ ಕಡೆ ಬಂದದ್ದು ಪಾಮ್ ಎಣ್ಣೆ. ಹಾಗಾಗಿ ‘ಝೀರೋ ಟ್ರಾನ್ಸ್ ಫ್ಯಾಟ್’ ಓದಿ ಸಮಾಧಾನವಾಗಿ ಅಲ್ಲಿಗೇ ನಿಲ್ಲಬೇಡಿ, ಅದರ ಮೇಲಿನ ಸಾಲನ್ನೂ ನೋಡಿ.

ಇನ್ನು ಹಾಲು. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಇಲ್ಲೇ. ಹಾಲಿನ ಪ್ಯಾಕೆಟ್ ಅನ್ನು ಲೇಬಲ್ ಇರುವ ಪದಾರ್ಥ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಬಣ್ಣ ನೋಡಿ ತಂದುಬಿಡುತ್ತೇವೆ. ಆದರೆ ನಮ್ಮ ಮನೆಗಳಲ್ಲಿ ದಿನವೂ ತಪ್ಪದೆ ಒಳಗೆ ಬರುವ ಪ್ಯಾಕೆಟ್ ಅದೊಂದೇ. ಅದರ ಮೇಲೆ ಕೊಬ್ಬಿನ ಪ್ರಮಾಣ ಬರೆದೇ ಇರುತ್ತದೆ. ಫುಲ್ ಕ್ರೀಮ್‌ನಲ್ಲಿ 6%, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5%, ನಂದಿನಿಯ ನೀಲಿ ಪ್ಯಾಕೆಟ್‌ನಂಥ ಟೋನ್ಡ್ ಹಾಲಿನಲ್ಲಿ 3%, ಡಬಲ್ ಟೋನ್ಡ್‌ನಲ್ಲಿ 1.5%. ಹಾಲಿನ ಕೊಬ್ಬಿನಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಸ್ಯಾಚುರೇಟೆಡ್.

ಎರಡು ಮೂರು ಲೋಟ ಕಾಫಿ, ಊಟಕ್ಕೆ ಗಟ್ಟಿ ಮೊಸರು, ರಾತ್ರಿ ಮಜ್ಜಿಗೆ, ಎಲ್ಲ ಸೇರಿ ನಿಮ್ಮ ಮನೆಯವರ ಪಾಲಿಗೆ 400 ಮಿಲಿ ಹಾಲು ಹೋಗುತ್ತದೆ ಅಂತ ಇಟ್ಟುಕೊಳ್ಳೋಣ. ಫುಲ್ ಕ್ರೀಮ್ ಆದರೆ ಕೊಬ್ಬು 24 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 15 ಗ್ರಾಂ. ದಿನದ 13 ಗ್ರಾಂ ಬರೀ ಹಾಲಿನಲ್ಲೇ ಮುಗಿದುಹೋಯಿತು! ಅಷ್ಟೇ ಹಾಲು ಟೋನ್ಡ್ ಆದರೆ ಏಳೂವರೆ ಗ್ರಾಂ. ಡಬಲ್ ಟೋನ್ಡ್ ಆದರೆ 4 ಗ್ರಾಂ. ಕಾಫಿ ಕಡಿಮೆ ಮಾಡಬೇಕಿಲ್ಲ, ಮೊಸರು ಬಿಡಬೇಕಿಲ್ಲ. ಪ್ಯಾಕೆಟ್ ಒಂದನ್ನು ಬದಲಾಯಿಸಿದರೆ 11 ಗ್ರಾಂ ಇಳಿಯುತ್ತದೆ. ಡಬಲ್ ಟೋನ್ಡ್ ಕಾಫಿ ಮೊದಲ ವಾರ ನೀರು ನೀರು ಅನ್ನಿಸುತ್ತದೆ, ನಿಜ. ಒಮ್ಮೆಗೇ ಬೇಡ. ಮೊದಲು ಟೋನ್ಡ್‌ಗೆ ಬನ್ನಿ, ಡಿಕಾಕ್ಷನ್ ಸ್ವಲ್ಪ ಗಟ್ಟಿ ಹಾಕಿ, ಆಮೇಲೆ ಇನ್ನೊಂದು ಹೆಜ್ಜೆ ಇಡಿ. ಹಸುವಿನ ಹಾಲನ್ನು ಮನೆಗೆ ತಂದು ಕೊಡುವವರಿದ್ದರೆ ಕಾಯಿಸಿ ಆರಿಸಿ ಕೆನೆ ಪೂರ್ತಿ ತೆಗೆದುಬಿಡಿ. ಆ ಕೆನೆಯಿಂದ ಬಂದ ತುಪ್ಪ ಮತ್ತೆ ಅವರ ತಟ್ಟೆಗೇ ಬರಬಾರದು ಅಷ್ಟೆ.

ಮನೆಯ ತುಪ್ಪಕ್ಕೆ, ತೆಂಗಿನಕಾಯಿಗೆ ಲೇಬಲ್ ಇಲ್ಲ. ಆದರೆ ಲೆಕ್ಕದಿಂದ ಅವನ್ನು ಬಿಡಲಾಗುವುದಿಲ್ಲ. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 3 ಗ್ರಾಂ ಸ್ಯಾಚುರೇಟೆಡ್. ಹಸಿ ತೆಂಗಿನ ತುರಿ 100 ಗ್ರಾಂನಲ್ಲಿ 30 ಗ್ರಾಂ ಆಸುಪಾಸು. ಪಲ್ಯ, ಚಟ್ನಿ, ಸಾರು ಎಲ್ಲ ಸೇರಿ ಒಬ್ಬರಿಗೆ 20 ಗ್ರಾಂ ತುರಿ ಬಿದ್ದರೂ 6 ಗ್ರಾಂ ಆಯಿತು. ಈಗ ಕೂಡಿ ನೋಡಿ. ಬಿಸ್ಕೆಟ್ ಏಳೂವರೆ, ಹಾಲು 15, ಎರಡು ಚಮಚ ತುಪ್ಪ 6, ತೆಂಗು 6, ಎಣ್ಣೆಯಿಂದ ಎರಡರ ಹತ್ತಿರ. ಒಟ್ಟು 36 ಗ್ರಾಂ ದಾಟುತ್ತದೆ. ಎಲ್‌ಡಿಎಲ್ ಯಾಕೆ ಅಲ್ಲೇ ನಿಂತಿದೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ತುಪ್ಪ, ತೆಂಗು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಹಾಸನದ ಅಡುಗೆಯಿಂದ ಕಾಯಿ ತೆಗೆದರೆ ಊಟವೇ ರುಚಿಸದು, ರುಚಿಸದ ಊಟ ಯಾರೂ ಹೆಚ್ಚು ದಿನ ಮಾಡುವುದಿಲ್ಲ. ತುಪ್ಪ ಒಂದು ಚಮಚಕ್ಕೆ ಇಳಿಸಿ. ಕಾಯಿ ಅರ್ಧ ಮಾಡಿ, ಚಟ್ನಿಗೆ ಹುರಿಗಡಲೆ ಜಾಸ್ತಿ ಹಾಕಿ. ಹಾಲು ಡಬಲ್ ಟೋನ್ಡ್ ಮಾಡಿ. ಬಿಸ್ಕೆಟ್ ಬದಲು ಒಂದು ಹಿಡಿ ಕಡಲೆಕಾಯಿ ಬೀಜ. ಇಷ್ಟರಲ್ಲೇ ಸುಮಾರು 13 ಗ್ರಾಂಗೆ ಬರುತ್ತದೆ, ನೀವೇ ಲೆಕ್ಕ ಹಾಕಿ ನೋಡಬಹುದು.

ಟ್ರೈಗ್ಲಿಸರೈಡ್ 196 ಅಂದಿರಿ. ಅದಕ್ಕೆ ಬೇರೆ ಸಾಲು ನೋಡಬೇಕು. ಆ್ಯಡೆಡ್ ಶುಗರ್ ಅಂತ ಇರುತ್ತದೆ. ಸಕ್ಕರೆ, ಮೈದಾ, ಮದ್ಯ ಇವು ಮೂರೂ ಟ್ರೈಗ್ಲಿಸರೈಡ್ ಏರಿಸುತ್ತವೆ. ‘ಲೋ ಫ್ಯಾಟ್’ ಅಂತ ಬರೆದ ಫ್ಲೇವರ್ಡ್ ಮೊಸರು, ಪಾನೀಯಗಳಲ್ಲಿ ಕೊಬ್ಬು ತೆಗೆದು ಸಕ್ಕರೆ ತುಂಬಿರುವುದು ಸಾಮಾನ್ಯ. ಇಂಗ್ರೀಡಿಯೆಂಟ್ಸ್‌ನಲ್ಲಿ ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಅಂತ ಬೇರೆ ಬೇರೆ ಹೆಸರಲ್ಲಿ ಬಂದಿದ್ದರೆ ಎಲ್ಲವನ್ನೂ ಸಕ್ಕರೆ ಅಂತಲೇ ಓದಿ. ಹಸಿರು ಚುಕ್ಕೆ ಸಸ್ಯಾಹಾರ ಅನ್ನುವುದನ್ನು ಮಾತ್ರ ಹೇಳುತ್ತದೆ, ಆರೋಗ್ಯದ ಗುರುತಲ್ಲ.

ಬೇಕರಿಯ ಪಫ್ಸ್, ಬೆಣ್ಣೆ ಬಿಸ್ಕೆಟ್, ತೂಗಿ ಕೊಡುವ ಖಾರ, ಮಿಕ್ಸ್ಚರ್ ಇವುಗಳಲ್ಲಿ ಓದಲು ಏನೂ ಇರುವುದಿಲ್ಲ. ತೀರಾ ಚಿಕ್ಕ ಪ್ಯಾಕೆಟ್‌ಗಳಿಗೂ ಪೋಷಕಾಂಶದ ಪಟ್ಟಿಯಿಂದ ವಿನಾಯಿತಿ ಇದೆ. ಯಾವ ಕೊಬ್ಬು ಹಾಕಿದ್ದೀರಿ ಅಂತ ಬೇಕರಿಯವರನ್ನೇ ಕೇಳಿ, ಹೆಚ್ಚಿನವರು ಹೇಳುತ್ತಾರೆ. ಪದರ ಪದರವಾಗಿ ಗರಿಗರಿಯಾಗಿರುವ ಪಫ್ಸ್ ಗಟ್ಟಿ ಕೊಬ್ಬಿಲ್ಲದೆ ಆಗುವುದಿಲ್ಲ, ಅಷ್ಟು ಗೊತ್ತಿದ್ದರೂ ಸಾಕು.

ಮಗಳು ತಂದ ಓಟ್ಸ್ ಒಳ್ಳೆಯದೇ, ಇಂಗ್ರೀಡಿಯೆಂಟ್ಸ್‌ನಲ್ಲಿ ಓಟ್ಸ್ ಅಂತ ಒಂದೇ ಹೆಸರು ಇದ್ದರೆ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕಾನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ. ಅದಕ್ಕೆ 75 ಗ್ರಾಂನಷ್ಟು ಓಟ್ಸ್ ಬೇಕು. ಅರ್ಧ ತಿಂದರೂ ಅಷ್ಟರ ಮಟ್ಟಿಗೆ ಲಾಭ. ಬಾರ್ಲಿಯಲ್ಲೂ ಅದೇ ನಾರು ಇದೆ. ಕಾಳುಗಳು, ಹುರುಳಿ, ಬೆಂಡೆಕಾಯಿ, ಇಸಬ್‌ಗೋಲ್ ಇವುಗಳಿಂದಲೂ ಕರಗುವ ನಾರು ಸಿಗುತ್ತದೆ. ಇಲ್ಲಿ ಸಿಗುವ ಮಸಾಲಾ ಓಟ್ಸ್ ತರುವುದಾದರೆ ಸೋಡಿಯಂ ಸಾಲು ನೋಡಿ ತನ್ನಿ. ಅಮೆರಿಕದ ಪ್ಯಾಕೆಟ್‌ನಲ್ಲಿ 100 ಗ್ರಾಂ ಕಾಲಂ ಇರುವುದಿಲ್ಲ, ಎಲ್ಲ ಒಂದು ಸರ್ವಿಂಗ್ ಲೆಕ್ಕ. ಅಲ್ಲಿನ ಶೇಕಡಾವಾರು 20 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ಹಾಕಿದ್ದು. 5% ಅಂದರೆ ಕಡಿಮೆ, 20% ಅಂದರೆ ಜಾಸ್ತಿ ಅಂತ ಓದಿಕೊಳ್ಳಿ. ಅಲ್ಲಿ ಒಂದು ಸರ್ವಿಂಗ್‌ನಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಟ್ರಾನ್ಸ್ ಫ್ಯಾಟ್ ಇದ್ದರೂ ಸೊನ್ನೆ ಅಂತ ಬರೆಯಬಹುದು. ಓಟ್ಸ್‌ಗೆ ಅದು ಲೆಕ್ಕಕ್ಕಿಲ್ಲ, ಮಗಳು ಕುಕೀಸ್ ತಂದಾಗ ನೆನಪಿರಲಿ.

ಒಂದು ವಿಷಯ ನನಗೆ ಬೇಸರ ತರಿಸುತ್ತದೆ. ಇಷ್ಟೆಲ್ಲ ಮಾಹಿತಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಆಹಾರ ಲೇಬಲ್ ನಿಯಮಕ್ಕೆ ಸಾಕು. ಮನೆಯ ಅಡುಗೆ ನೋಡಿಕೊಳ್ಳುವ ಎಷ್ಟೋ ತಾಯಂದಿರಿಗೆ ಆ ಸಣ್ಣ ಅಕ್ಷರ ಓದಲಾಗದು. ಕನ್ನಡದಲ್ಲೂ ಇರಬೇಕು ಅಂತ ಗ್ರಾಹಕರು ಕಂಪನಿಗಳಿಗೆ ಬರೆಯಬೇಕು. ಅಲ್ಲಿಯವರೆಗೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನೀವು ಅದನ್ನಾಗಲೇ ಮಾಡಿದ್ದೀರಿ.

ಮೊಟ್ಟೆ ಬಗ್ಗೆ: ಒಂದು ಮೊಟ್ಟೆಯಲ್ಲಿ ಕೊಲೆಸ್ಟ್ರಾಲ್ 185 ಮಿಲಿಗ್ರಾಂ ಆಸುಪಾಸು ಇದೆ, ಸ್ಯಾಚುರೇಟೆಡ್ ಒಂದೂವರೆ ಗ್ರಾಂ ಮಾತ್ರ. ವಾರಕ್ಕೆ ಮೂರು ನಾಲ್ಕು ಬೇಯಿಸಿದ ಮೊಟ್ಟೆ ಅವರು ತಿನ್ನಬಹುದು ಅನ್ನುವುದು ನನ್ನ ಅಭಿಪ್ರಾಯ. ಶುಗರ್ ಇದ್ದಿದ್ದರೆ ಇನ್ನಷ್ಟು ಎಚ್ಚರ ಬೇಕಾಗುತ್ತಿತ್ತು.

ಈಗಿನ 155ರ ವರದಿಯನ್ನು ಡಾಕ್ಟರಿಗೆ ತೋರಿಸುವಾಗ ಹಾಲು, ಬಿಸ್ಕೆಟ್, ತುಪ್ಪದ ಈ ಲೆಕ್ಕವನ್ನೂ ಹೇಳಿ. ಇನ್ನೆರಡು ಮೂರು ತಿಂಗಳು ಊಟದಲ್ಲೇ ನೋಡೋಣ ಅನ್ನುತ್ತಾರೋ, ಮಾತ್ರೆ ಶುರು ಮಾಡುತ್ತಾರೋ ಅದು ಅವರ ತೀರ್ಮಾನ. ಬೀಡಿ, ಸಿಗರೇಟ್ ಅಭ್ಯಾಸ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದವರಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಊಟದಿಂದ ಇಳಿಯುವುದಕ್ಕೂ ಒಂದು ಮಿತಿ ಇದೆ. ಮಾತ್ರೆ ಬೇಕಾದರೆ ಅದನ್ನು ಸೋಲು ಅಂದುಕೊಳ್ಳಬೇಡಿ. ಮಾತ್ರೆ ಬಂದಮೇಲೂ ಹಾಲಿನ ಪ್ಯಾಕೆಟ್ ಮಾತ್ರ ಹಳೆಯದಕ್ಕೆ ವಾಪಸ್ ಹೋಗುವುದು ಬೇಡ.